ರಾಹುಕಾಲದಲ್ಲಿ ಓವರ್‌ಡ್ರೈವ್

ಸದ್ದು ಕೆಟ್ಟರೆ ರಿಪೇರಿಗೆ ಕೊಡುವುದು ಲೋಕರೂಢಿ. ನಮ್ಮ ಮನೆಯ ವಾಲ್ವ್ ರೇಡಿಯೋ ಪ್ರದೇಶ ಸಮಾಚಾರದ ನಡುವೆ ಗೊರಗೊರ ಎಂದರೆ ಅಪ್ಪ ಮೊದಲು ಅದರ ನೆತ್ತಿಯ ಮೇಲೊಂದು ಏಟು ಕೊಡುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಟವೆಲ್ಲಿನಲ್ಲಿ ಸುತ್ತಿ ಗಾಂಧಿ ಬಜಾರಿನ ರೇಡಿಯೋ ಅಂಗಡಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರದು ಮಾತ್ರ ಉಲ್ಟಾ ಸಂಪ್ರದಾಯ. ಅವರು ಚೆನ್ನಾಗಿರುವುದನ್ನು ಕೆಡಿಸಿಕೊಳ್ಳುತ್ತಾರೆ, ಕೆಡಿಸಿಕೊಳ್ಳುವುದಕ್ಕೆ ದುಡ್ಡನ್ನೂ ಕೊಡುತ್ತಾರೆ.

1951ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ‘ರಾಕೆಟ್ 88’ ಎಂಬ ಹಾಡಿನ ರೆಕಾರ್ಡಿಂಗ್ ನಡೆಯಿತು. ಐಕ್ ಟರ್ನರ್ ತಂಡದ ಗಿಟಾರಿಸ್ಟ್ ವಿಲ್ಲಿ ಕಿಜಾರ್ಟ್‌ನ ಆಂಪ್ಲಿಫೈಯರು ಸ್ಟುಡಿಯೋಗೆ ಬರುವ ದಾರಿಯಲ್ಲೇ ಪೆಟ್ಟು ತಿಂದಿತ್ತು. ಕಾರಿನ ಮೇಲಿಂದ ಬಿತ್ತು ಅನ್ನುವವರೂ ಇದ್ದಾರೆ, ಮಳೆಯಲ್ಲಿ ನೆನೆಯಿತು ಅನ್ನುವವರೂ ಇದ್ದಾರೆ. ರೆಕಾರ್ಡ್ ಮಾಡುತ್ತಿದ್ದ ಸ್ಯಾಮ್ ಫಿಲಿಪ್ಸ್ ಸ್ಪೀಕರಿನೊಳಗೆ ಕಾಗದ ತುರುಕಿ ಹೇಗೋ ಕೆಲಸ ಸಾಗಿಸಿದ. ಆ ಗೊರಗೊರವೇ ಜನಕ್ಕೆ ಹಿಡಿಸಿಬಿಟ್ಟಿತು. 1958ರಲ್ಲಿ ಲಿಂಕ್ ರೇ ಎಂಬಾತ ಅಪಘಾತಕ್ಕೆ ಕಾಯದೆ ತಾನೇ ಪೆನ್ಸಿಲ್ ತೆಗೆದುಕೊಂಡು ಸ್ಪೀಕರಿಗೆ ತೂತು ಹೊಡೆದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಬ್ಲೇಡಿನಿಂದ ತನ್ನ ಪುಟ್ಟ ಆಂಪಿನ ಸ್ಪೀಕರನ್ನು ಸೀಳಿದ. ಇವರೆಲ್ಲ ನಮ್ಮ ಅಪ್ಪನ ಕೈಗೆ ಸಿಕ್ಕಿದ್ದರೆ ಆ ನೆತ್ತಿಯ ಏಟು ಯಾರಿಗೆ ಬೀಳುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ನಡೆಯುವುದು ಇಷ್ಟೇ. ಆಂಪಿಗೆ ಅದರ ತಾಕತ್ತು ಮೀರಿದ ಸಿಗ್ನಲ್ ಕೊಟ್ಟರೆ ಅಲೆಯ ತುದಿಗೆ ಮೇಲೇರಲು ಜಾಗ ಸಿಗದೆ ಅದು ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ ಆಗುವುದು ಅನ್ನುತ್ತಾರೆ. ಹಾಗೆ ಚಪ್ಪಟೆಯಾದಾಗ ಮೂಲ ಸ್ವರದ ಜೊತೆಗೆ ಅದರ ಮೇಲಿನ ಹೊಸ ಹೊಸ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ಒಂದೇ ತಂತಿ ಮೀಟಿದರೂ ಸದ್ದು ದಪ್ಪವಾಗಿ, ಉದ್ದವಾಗಿ, ಸ್ವಲ್ಪ ಸಿಟ್ಟಿನಿಂದ ಬರುತ್ತದೆ. ವಾಲ್ವಿನ ಆಂಪು ಈ ಕೆಲಸವನ್ನು ಮೆಲ್ಲಗೆ, ಅಂಚು ನಯ ಮಾಡಿ ಮಾಡುತ್ತದೆ. ಟ್ರಾನ್ಸಿಸ್ಟರಿನ ಆಂಪು ಸೀದಾ ಕತ್ತರಿಸಿ ಎಸೆಯುತ್ತದೆ. ತೊಂದರೆಯೆಂದರೆ ವಾಲ್ವ್ ಆಂಪು ಹಾಗೆ ಬಳಲಬೇಕಾದರೆ ಅದರ ವಾಲ್ಯೂಮನ್ನು ಮುಕ್ಕಾಲಿನ ಮೇಲೆ ಏರಿಸಬೇಕು, ಅಷ್ಟು ಹೊತ್ತಿಗೆ ಅಕ್ಕಪಕ್ಕದ ರಸ್ತೆಯವರೆಲ್ಲ ನಮ್ಮ ಗೇಟಿನ ಮುಂದೆ ನಿಂತಿರುತ್ತಾರೆ. ಅದಕ್ಕೇ ಓವರ್‌ಡ್ರೈವ್ ಪೆಡಲ್ ಬಂತು. ಕಾಲಲ್ಲಿ ಒತ್ತುವ ಪುಟ್ಟ ತಗಡಿನ ಡಬ್ಬಿ. ಒಂಬತ್ತು ವೋಲ್ಟಿನ ಕರೆಂಟು ಕುಡಿದು, ಬಳಲಿದ ಆಂಪಿನ ಸದ್ದನ್ನು ಸಣ್ಣ ವಾಲ್ಯೂಮಿನಲ್ಲೇ ಒದಗಿಸುತ್ತೇನೆ ಅನ್ನುವುದು ಅದರ ಭರವಸೆ. ಆ ಭರವಸೆಯನ್ನು ನಂಬಿ ನಾನು ಬ್ಯಾಂಕಿನ ನೌಕರಿಯ ಬೋನಸ್ಸುಗಳನ್ನು ಕಳೆದಿದ್ದೇನೆ.

ನಮ್ಮ ಮನೆಯಲ್ಲಿ ಈಗಿರುವುದು ಹಸಿರು ಬಣ್ಣದ ಐಬನೇಜ್ ಟ್ಯೂಬ್ ಸ್ಕ್ರೀಮರ್, ಹಳದಿಯ ಬಾಸ್ ಎಸ್‌ಡಿ-1, ನೀಲಿಯ ಬಾಸ್ ಬ್ಲೂಸ್ ಡ್ರೈವರ್, ಇನ್ನೂ ಒಂದೆರಡು. ಪ್ರತಿ ಸಲ ಹೊಸದು ಬಂದಾಗಲೂ ನನ್ನ ಹೆಂಡತಿ ಕೇಳುವ ಪ್ರಶ್ನೆ ಒಂದೇ.

“ರೀ, ಇದೇನು ಮಾಡುತ್ತೆ?”

“ಸೌಂಡ್ ಸ್ವಲ್ಪ ಒಡೆಯುತ್ತೆ.”

“ಅದು?”

“ಅದೂ ಸೌಂಡ್ ಒಡೆಯುತ್ತೆ. ಬೇರೆ ಥರ.”

“ಕ್ಲೀನಾಗಿ ಬರೋ ಡಬ್ಬ ಯಾವುದೂ ಸಿಗಲ್ವಾ?”

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಗಿಟಾರಿಸ್ಟ್ ಇನ್ನೂ ಹುಟ್ಟಿಲ್ಲ. ಆದರೆ ‘ಬೇರೆ ಥರ’ ಅಂದದ್ದು ಸುಳ್ಳಲ್ಲ. ಹಸಿರು ಡಬ್ಬಿಯಲ್ಲಿ ಎರಡು ಡಯೋಡುಗಳು ಅಲೆಯ ಎರಡೂ ತುದಿಗಳನ್ನು ಸಮವಾಗಿ ಕತ್ತರಿಸುತ್ತವೆ. 1981ರಲ್ಲಿ ಬಂದ ಹಳದಿ ಡಬ್ಬಿಯಲ್ಲಿ ಡಯೋಡು ಮೂರು. ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು. ಹಾಗಾಗಿ ಕತ್ತರಿಸಿದ್ದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಕಿವಿಗೆ ಸ್ವಲ್ಪ ಒರಟಾಗಿ, ಸ್ವಲ್ಪ ವಾಲ್ವಿನ ಹತ್ತಿರಕ್ಕೆ ಬರುತ್ತದೆ. 1995ರ ನೀಲಿಯದು ನಡುಭಾಗದ ಸ್ವರಗಳನ್ನು ಉಬ್ಬಿಸುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಬಿಟ್ಟುಕೊಟ್ಟು ಕೈ ಮೆಲ್ಲಗಾದರೆ ತಾನೂ ಮೆಲ್ಲಗಾಗುತ್ತದೆ, ಜೋರಾದರೆ ತಾನೂ ಕೂಗುತ್ತದೆ.

ಇವುಗಳಲ್ಲಿ ಹಸಿರು ಡಬ್ಬಿಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಎಪ್ಪತ್ತರ ದಶಕದ ಕೊನೆಗೆ ಜಪಾನಿನ ಸುಸುಮು ತಮುರಾ ರೂಪಿಸಿದ್ದು ಇದು. ಒಳಗಿರುವುದು 4558 ಎಂಬ ಎಂಟು ಕಾಲಿನ ಐಸಿ. ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಅದು ಹೆಚ್ಚು ಕೆಡಿಸಲು ಹೋಗುವುದಿಲ್ಲ; ಮೇಲೆ ಕೀರುವುದನ್ನೂ ಕತ್ತರಿಸುತ್ತದೆ. ಉಳಿಯುವುದು ನಡುಭಾಗ, ಅಂದರೆ ಮಿಡ್. ಒಂಟಿಯಾಗಿ ಕೇಳಿದರೆ ಅದೊಂದು ಮೂಗುದನಿ, ಇದಕ್ಕಾ ಇಷ್ಟು ದುಡ್ಡು ಅನ್ನಿಸುತ್ತದೆ. ಬೇಸ್ ಗಿಟಾರು, ಡ್ರಮ್ಮು, ಕೀಬೋರ್ಡು ಎಲ್ಲ ಸೇರಿ ಗದ್ದಲ ಎದ್ದಾಗ ಆ ಮೂಗುದನಿಯೇ ಗುಂಪು ಸೀಳಿಕೊಂಡು ಮುಂದೆ ಬಂದು ನಿಲ್ಲುತ್ತದೆ.

ಹಳೆಯ ಟ್ಯೂಬ್ ಸ್ಕ್ರೀಮರಿನಲ್ಲಿ ಜೆಆರ್‌ಸಿ4558ಡಿ ಎಂದು ಅಚ್ಚಾದ ಐಸಿ ಇದ್ದರೆ ಅದರ ಬೆಲೆಯೇ ಬೇರೆ. ಅದನ್ನು ಭೂತಗನ್ನಡಿಯಲ್ಲಿ ನೋಡಿ ಕಣ್ಣಿಗೊತ್ತಿಕೊಳ್ಳುವವರಿದ್ದಾರೆ. ಒಂದು ಬಿಡಿ ಐಸಿ ಬೇಕೆಂದು ನಾನು ಎಸ್.ಪಿ. ರಸ್ತೆಗೆ ಹೋದೆ. ಒಬ್ಬ ಮನುಷ್ಯ ಅಡ್ಡ ತಿರುಗಿದರೆ ತುಂಬಿಹೋಗುವ ಅಂಗಡಿ. ಗೋಡೆ ತುಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡ್ರಾಯರುಗಳು. ಹುಡುಗ ಫೋನಿನಲ್ಲಿ ಮಾತಾಡುತ್ತಲೇ ಹಿಂದಕ್ಕೆ ಕೈಚಾಚಿ, ತಿರುಗಿಯೂ ನೋಡದೆ, ಸರಿಯಾದ ಡ್ರಾಯರನ್ನೇ ಎಳೆದ.

“4558 ತಾನೇ? ಹೋಮ್ ಥಿಯೇಟರ್ ಬೋರ್ಡಿಗಾ ಸಾರ್?”

“ಅಲ್ಲಪ್ಪ, ಗಿಟಾರಿಗೆ.”

ಆತ ಫೋನನ್ನು ಕೆಳಗಿಟ್ಟ. “ಗಿಟಾರಿಗೆ ಐಸಿ ಯಾಕ್ ಸಾರ್? ತಂತಿ ಸಾಕಲ್ವಾ?”

ವಿವರಿಸಿದೆ. ಸಮಾಧಾನದಿಂದ ಕೇಳಿಸಿಕೊಂಡು, “ಹಾಗಾದ್ರೆ ಸೌಂಡ್ ಕೆಡೋದಕ್ಕೆ ಬೇಕು ಅನ್ನಿ. ಡೂಪ್ಲಿಕೇಟ್ ಕೊಡ್ಲಾ? ಇನ್ನೂ ಕಡಿಮೆ ಆಗುತ್ತೆ” ಅಂದ. ತರ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲಿಲ್ಲ. ಒರಿಜಿನಲ್ ಅಂತ ಅವನು ಹೇಳಿದ್ದನ್ನೇ ತಂದೆ. ಒಂದು ಮಸಾಲೆ ದೋಸೆಯ ದುಡ್ಡೂ ಆಗಲಿಲ್ಲ. ಅದೇ ರಸ್ತೆಯಲ್ಲಿ ಹಳೇ ಸ್ಟಾಕಿನ ಅಂಗಡಿಗಳಲ್ಲಿ ಎಸಿ128 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಹುಡುಕಿಕೊಂಡು ಬರುವ, ಫಜ್ ಎಂಬ ಇನ್ನೊಂದು ಬಗೆಯ ಪೆಡಲಿನ ಹುಚ್ಚರೂ ಇದ್ದಾರೆ. ನಮ್ಮ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ಅದನ್ನು ತಯಾರಿಸುತ್ತಿತ್ತು, ರೇಡಿಯೋ ವಾಲ್ವುಗಳನ್ನೂ ತಯಾರಿಸುತ್ತಿತ್ತು. ಬಿಇಎಲ್ ಅಂದರೆ ರೇಡಾರು, ಮತಯಂತ್ರ ಅಂತ ತಿಳಿದವರಿಗೆ ಈ ವಿಷಯ ಹೇಳಿದರೆ ಒಂದು ಕ್ಷಣ ಸುಮ್ಮನಾಗುತ್ತಾರೆ.

ಈಗ ಮುಖ್ಯ ಸಂಗತಿಗೆ ಬರೋಣ. ‘ಯಾವ ಓವರ್‌ಡ್ರೈವ್ ಒಳ್ಳೇದು ಸಾರ್?’ ಎಂದು ಕಾಲೇಜು ಹುಡುಗರು ನನ್ನನ್ನು ಕೇಳುತ್ತಾರೆ. ‘ಯಾವ ಆಂಪಿಗೆ?’ ಅಂತ ನಾನು ಕೇಳುತ್ತೇನೆ. ಹುಡುಗರಿಗೆ ಬೇಜಾರಾಗುತ್ತದೆ, ಹೇಳಲು ಇಷ್ಟವಿಲ್ಲದೆ ಜಾರಿಕೊಳ್ಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಆದರೆ ಪೆಡಲಿಗೆ ಅದರದ್ದೇ ಅನ್ನುವ ಸದ್ದು ಅರ್ಧದಷ್ಟೂ ಇಲ್ಲ. ಉಳಿದದ್ದು ಅದಕ್ಕೆ ಜೋಡಿಸಿದ ಆಂಪಿನದು.

ಇದು ನನಗೆ ಕಿವಿಯಿಂದ ಮನವರಿಕೆಯಾದದ್ದು ಅಕ್ಕನ ಮಗನ ಮನೆಯಲ್ಲಿ. ಅವನು ಮ್ಯಾಸಚೂಸೆಟ್ಸ್‌ನಲ್ಲಿದ್ದಾನೆ, ಬಾಸ್ಟನ್ನಿನ ಹತ್ತಿರ. ನೆಲಮಾಳಿಗೆಯಲ್ಲಿ ಒಂದು ಕಡೆ ಬಟ್ಟೆ ಒಗೆಯುವ ಯಂತ್ರ, ಇನ್ನೊಂದು ಕಡೆ ಫೆಂಡರ್ ಡಿಲಕ್ಸ್ ರಿವರ್ಬ್. ಇಪ್ಪತ್ತೆರಡು ವಾಟಿನ ವಾಲ್ವ್ ಆಂಪು, ಹನ್ನೆರಡು ಇಂಚಿನ ಒಂದೇ ಸ್ಪೀಕರು. ಇಪ್ಪತ್ತೆರಡೇ ವಾಟಾ ಎಂದು ಹಗುರವಾಗಿ ಕಾಣಬೇಡಿ, ಅದರ ವಾಲ್ಯೂಮ್ ಐದಕ್ಕೆ ಹೋದರೆ ಒಗೆಯುವ ಯಂತ್ರದ ಬಾಗಿಲು ಅದುರುತ್ತದೆ. ಈ ಜಾತಿಯ ಫೆಂಡರುಗಳ ಗುಣವೇನೆಂದರೆ ಕೆಳಗಿನ ಸ್ವರ ದುಂಡಗೆ, ಮೇಲಿನ ಸ್ವರ ಹೊಳೆಹೊಳೆದು, ನಡುವೆ ಮಾತ್ರ ತಗ್ಗು. ಟ್ಯೂಬ್ ಸ್ಕ್ರೀಮರಿನಲ್ಲಿ ಉಬ್ಬಿರುವುದು ಸರಿಯಾಗಿ ಆ ನಡುವೇ. ಮನೆಯಲ್ಲಿ ನನ್ನ ಹತ್ತು ವಾಟಿನ ಟ್ರಾನ್ಸಿಸ್ಟರ್ ಪೆಟ್ಟಿಗೆಯ ಮುಂದೆ ಶೀತ ಹಿಡಿದು ಕೂತಿದ್ದ ಅದೇ ಹಸಿರು ಡಬ್ಬಿ ಅಲ್ಲಿ ಎದೆ ತುಂಬಿ ಹಾಡಿತು.

“ಮಾವ, ಗೇನ್ ಪೂರ್ತಿ ಇಳಿಸಿ ನೋಡಿ. ಲೆವೆಲ್ ಏರಿಸಿ,” ಅಂದ.

ಇದೇ ಒಳಗುಟ್ಟು. ಪೆಡಲಿನ ಗೇನ್ ಎಂಬ ನಾಬು ಏರಿಸಿದರೆ ಪೆಡಲೇ ಸದ್ದನ್ನು ಒಡೆಯುತ್ತದೆ. ಗೇನ್ ಇಳಿಸಿ ಲೆವೆಲ್ ಏರಿಸಿದರೆ ಪೆಡಲು ಸುಮ್ಮನೆ ಜೋರಾದ ಸಿಗ್ನಲನ್ನು ಮುಂದಕ್ಕೆ ತಳ್ಳುತ್ತದೆ. ಒಡೆಯುವ ಕೆಲಸ ಆಂಪಿನ ವಾಲ್ವುಗಳ ಪಾಲಿಗೆ ಬರುತ್ತದೆ. ಒಂದೇ ಡಬ್ಬಿ, ಎರಡು ಬೇರೆ ಬೇರೆ ನೌಕರಿ. ಟೆಕ್ಸಾಸಿನ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಫೆಂಡರುಗಳ ಮುಂದೆ ಹಸಿರು ಡಬ್ಬಿ ಇಟ್ಟು ತೆಗೆದ ಸದ್ದಿನ ಹಿಂದೆ ಇಂದಿಗೂ ಲೋಕವೇ ಬಿದ್ದಿದೆ. ಆಂಪನ್ನು ಅವನು ಎಷ್ಟು ಜೋರಾಗಿ ಇಡುತ್ತಿದ್ದ, ತಂತಿ ಎಷ್ಟು ದಪ್ಪ ಹಾಕುತ್ತಿದ್ದ ಅನ್ನುವುದನ್ನು ಮಾತ್ರ ಡಬ್ಬಿ ಮಾರುವವರು ಹೇಳುವುದಿಲ್ಲ.

ಬಾಸ್ಟನ್ ಕಡೆಗೆ ಹೋಗಿ ಕ್ಲಾನ್ ಸೆಂಟಾರ್ ವಿಷಯ ಎತ್ತದೆ ಬರುವುದು ಶೃಂಗೇರಿಗೆ ಹೋಗಿ ದೇವಸ್ಥಾನ ನೋಡದೆ ಬಂದ ಹಾಗೆ. ಬಿಲ್ ಫಿನೆಗನ್ ಎಂಬಾತ ಆ ಕಡೆಯಲ್ಲೇ 1994ರಿಂದ ಕೈಯಾರೆ ಮಾಡಿ ಮಾರಿದ ಪೆಡಲ್ ಅದು. ಸುಮಾರು ಎಂಟು ಸಾವಿರ ಮಾಡಿರಬಹುದು ಅನ್ನುತ್ತಾರೆ. ಬೇರೆಯವರು ನಕಲು ಮಾಡಬಾರದೆಂದು ಒಳಗಿನ ಸರ್ಕೀಟಿನ ಮೇಲೆ ಕಪ್ಪು ಅಂಟು ಸುರಿದು ಮುಚ್ಚಿದ್ದ. ಮುಚ್ಚಿದ್ದನ್ನು ಕೆರೆದು ನೋಡದೆ ಬಿಡುವವರುಂಟೇ? ಕೆರೆದರು, ನಕಲು ಮಾಡಿದರು, ಇವತ್ತು ಅದರ ನಕಲುಗಳು ಎಲ್ಲ ದರದಲ್ಲೂ ಸಿಗುತ್ತವೆ. ಅಸಲಿಯ ಬೆಲೆ ಮಾತ್ರ ಸೆಕೆಂಡ್‌ಹ್ಯಾಂಡಿನಲ್ಲಿ ಸಾವಿರಾರು ಡಾಲರಿಗೆ ಏರಿ ಕೂತಿದೆ. ಒಳಗೆ ನಿಜವಾಗಿ ಜಾಣತನವೇ ಇದೆ: ಒಂಬತ್ತು ವೋಲ್ಟನ್ನು ಒಳಗೇ ಏರಿಸಿಕೊಂಡು ಉಸಿರಾಡಲು ಜಾಗ ಮಾಡಿಕೊಳ್ಳುತ್ತದೆ, ಒಡೆದ ಸದ್ದಿನ ಜೊತೆಗೆ ಒಡೆಯದ ಸದ್ದನ್ನೂ ಬೆರೆಸಿ ಕಳಿಸುತ್ತದೆ. ಆದರೆ ಸಾವಿರಾರು ಡಾಲರಿನಷ್ಟು ಜಾಣತನವೇ ಅಂದರೆ ನಾನು ಒಪ್ಪುವುದಿಲ್ಲ. ಅಷ್ಟು ದುಡ್ಡಿದ್ದರೆ ಒಳ್ಳೆಯ ಆಂಪೇ ಬರುತ್ತದೆ, ಉಳಿದದ್ದರಲ್ಲಿ ಹಸಿರು, ಹಳದಿ, ನೀಲಿ ಮೂರೂ ಬರುತ್ತವೆ. ಫಿನೆಗನ್ನಿಗೂ ಈ ಗಲಾಟೆ ರೇಜಿಗೆ ಹಿಡಿಸಿರಬೇಕು. ಮುಂದೆ ತಂದ ಹೊಸ ಪೆಡಲಿನ ಮೈಮೇಲೇ, ಈ ಅಬ್ಬರ ನಾನು ಎಬ್ಬಿಸಿದ್ದಲ್ಲ ಎಂಬರ್ಥದ ಸಾಲು ಅಚ್ಚು ಹಾಕಿಸಿದ್ದಾನೆ. ಜನ ಅದನ್ನು ಓದಿ ಅದಕ್ಕೂ ಮುಗಿಬಿದ್ದರು.

ಅಮೆರಿಕದಿಂದ ಬಂದ ಮೇಲೂ ಅಕ್ಕನ ಮಗನ ಜೊತೆ ಫೋನಿನಲ್ಲಿ ಚರ್ಚೆ ನಿಲ್ಲಲಿಲ್ಲ. ಪೆಡಲಿನ ನಾಬುಗಳಿಗೆ ಸಾಮಾನ್ಯವಾಗಿ ಅಂಕಿ ಇರುವುದಿಲ್ಲ, ಹಾಗಾಗಿ ಎಲ್ಲರೂ ಗಡಿಯಾರದ ಲೆಕ್ಕದಲ್ಲಿ ಮಾತಾಡುತ್ತಾರೆ. ಏಳು ಗಂಟೆಗೆ ಶುರು, ಐದು ಗಂಟೆಗೆ ಮುಕ್ತಾಯ. ಈ ಗಡಿಯಾರದಲ್ಲಿ ಆರು ಗಂಟೆ ಬರುವುದೇ ಇಲ್ಲ. ನಾನು ಹಜಾರದಲ್ಲಿ ಕೂತು, “ಸರಿ, ಗೇನ್ ಒಂಬತ್ತಕ್ಕೆ ಇಡ್ತೀನಿ. ಟೋನ್ ಹನ್ನೆರಡಕ್ಕೆ. ಲೆವೆಲ್ ಮಾತ್ರ ಮೂರು ಗಂಟೆಗೆ, ಅದಕ್ಕಿಂತ ಮೊದಲೇ ಬೇಡ” ಎಂದು ಹೇಳುತ್ತಿದ್ದೆ. ಒಂಟಿಕೊಪ್ಪಲ್ ಪಂಚಾಂಗ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಾವನವರು ಕನ್ನಡಕ ಸರಿಮಾಡಿಕೊಂಡರು.

“ಅಳಿಯಂದ್ರೇ, ಇವತ್ತು ಮಂಗಳವಾರ. ಮೂರಕ್ಕೆ ರಾಹುಕಾಲ ಶುರುವಾಗುತ್ತೆ. ಅದೇನೋ ಲೆವೆಲ್ಲು ಅಂದ್ರಲ್ಲ, ನಾಲ್ಕೂವರೆ ಕಳೀಲಿ.”

ನಾಲ್ಕೂವರೆಗೆ ಇಟ್ಟರೆ ಕಿಟಕಿಯ ಗಾಜು ಉಳಿಯುವುದಿಲ್ಲ ಎಂದು ಹೇಳಿದೆ. ಹಾಗಾದರೆ ಆ ಕಾರ್ಯವೇ ಇವತ್ತು ಬೇಡ ಅಂದರು. ಹೆಂಡತಿ ಅಡಿಗೆಮನೆಯಿಂದ ಅಪ್ಪನ ಮಾತಿಗೆ ಬೆಂಬಲ ಸೂಚಿಸಿದಳು.

ಊರಿನಲ್ಲಿ ನಿಜವಾದ ಆಂಪುಗಳು ಸಿಗುವುದು ಗಂಟೆಗಿಷ್ಟು ಅಂತ ಬಾಡಿಗೆ ಕೊಡುವ ಜ್ಯಾಮ್ ರೂಮುಗಳಲ್ಲಿ. ಕೋರಮಂಗಲದ ಕಡೆ ಒಂದಕ್ಕೆ ನಾವು ನಾಲ್ಕೈದು ಜನ ಹೋಗುತ್ತೇವೆ. ಎಲ್ಲರಿಗೂ ನೌಕರಿ, ಮೊಣಕಾಲು ನೋವು, ಹತ್ತು ಗಂಟೆಗೆ ನಿದ್ದೆ. ಅಲ್ಲಿ ಒಂದು ಮಾರ್ಷಲ್ ಇದೆ, ಒಂದು ರೋಲಂಡ್ ಜಾಝ್ ಕೋರಸ್ ಇದೆ. ಮೊದಲು ಹೋದವರಿಗೆ ಮಾರ್ಷಲ್.

ಮಾರ್ಷಲ್ಲಿನ ಮೂಲ ಕೇಳಿದರೆ ನಗು ಬರುತ್ತದೆ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವನ ಹುಡುಗರು ಅರವತ್ತರ ದಶಕದ ಆರಂಭದಲ್ಲಿ ಫೆಂಡರಿನ ಬೇಸ್‌ಮ್ಯಾನ್ ಆಂಪನ್ನು ಮುಂದಿಟ್ಟುಕೊಂಡೇ ತಮ್ಮದನ್ನು ಕಟ್ಟಿದರು. ವಾಲ್ವು, ಸ್ಪೀಕರು, ಟ್ರಾನ್ಸ್‌ಫಾರ್ಮರು ಮಾತ್ರ ಅಲ್ಲಿ ಸಿಕ್ಕಿದ್ದು. ನಕ್ಷೆ ಹೆಚ್ಚುಕಡಿಮೆ ಅದೇ, ಸದ್ದು ಬೇರೆಯೇ ಆಯಿತು. ಫೆಂಡರಿನಲ್ಲಿ ತಗ್ಗು ಇರುವ ಜಾಗದಲ್ಲೇ ಇದರಲ್ಲಿ ಮಿಡ್ ಉಬ್ಬು. ಇದರ ಮುಂದೆ ಟ್ಯೂಬ್ ಸ್ಕ್ರೀಮರಿನ ಗೇನ್ ಏರಿಸಿ ನೋಡಿ, ಉಬ್ಬಿನ ಮೇಲೆ ಉಬ್ಬು ಸೇರಿ ಸ್ವರ ಯಾವುದು, ಗದ್ದಲ ಯಾವುದು ಗೊತ್ತಾಗುವುದಿಲ್ಲ. ಇಲ್ಲಿ ಗೇನ್ ಏಳು ಗಂಟೆಗೇ ಇರಬೇಕು, ಲೆವೆಲ್ ಮಾತ್ರ ಮೂರರ ಮೇಲೆ. ಆಗ ಅದು ಕೆಳಗಿನ ದಪ್ಪವನ್ನು ಸೋಸಿ ಆಂಪಿಗೆ ಚುರುಕು ಮುಟ್ಟಿಸುತ್ತದೆ. ಹೆವಿ ಮೆಟಲ್ ಹುಡುಗರು ಇಷ್ಟು ದೊಡ್ಡ ಆಂಪಿನ ಮುಂದೆ ಈ ಪುಟ್ಟ ಹಸಿರು ಡಬ್ಬಿ ಇಡುವುದೂ ಇದಕ್ಕೇ. ಹಳದಿ ಡಬ್ಬಿಯೂ ಇದೇ ಕೆಲಸ ಮಾಡುತ್ತದೆ, ಕಡಿಮೆ ದುಡ್ಡಿಗೆ. ನನ್ನನ್ನು ಕೇಳಿದರೆ ಮಾರ್ಷಲ್ಲಿಗೆ ಹಳದಿಯೇ ಸರಿ.

ವಾಕ್ಸ್ ಎಸಿ30 ಎಂಬ ಇನ್ನೊಂದು ಆಂಪಿನ ಬಗ್ಗೆ ನಾನು ಹೆಚ್ಚು ಹೇಳುವ ಹಾಗಿಲ್ಲ, ನನ್ನ ಕೈಗೆ ಸಿಕ್ಕಿದ್ದೇ ಕಡಿಮೆ. ಕ್ವೀನ್ ತಂಡದ ಬ್ರಯಾನ್ ಮೇ ಅದರ ಮುಂದೆ ಇಡುತ್ತಿದ್ದದ್ದು ಓವರ್‌ಡ್ರೈವ್ ಅಲ್ಲ, ಟ್ರೆಬಲ್ ಬೂಸ್ಟರ್. ಮೊದಲೇ ಮಿಣಮಿಣ ಅನ್ನುವ ಆಂಪಿಗೆ ಇನ್ನಷ್ಟು ಟ್ರೆಬಲ್ ಕೊಟ್ಟು ವಾಲ್ವುಗಳನ್ನು ಬಳಲಿಸುವ ಉಪಾಯ. ಕಾಗದದ ಮೇಲೆ ನೋಡಿದರೆ ಕಿವಿ ಹರಿಯಬೇಕು. ಹರಿಯುವುದಿಲ್ಲ, ಹಾಡುತ್ತದೆ.

ತಡವಾಗಿ ಬಂದವನ ಪಾಲಿಗೆ ಬರುವುದು ಜಾಝ್ ಕೋರಸ್. 1975ರಲ್ಲಿ ಬಂದ ಟ್ರಾನ್ಸಿಸ್ಟರ್ ಆಂಪು, ನೂರಿಪ್ಪತ್ತು ವಾಟ್, ಎರಡು ಸ್ಪೀಕರು. ಎಷ್ಟು ಏರಿಸಿದರೂ ಒಡೆಯದ ಸದ್ದು ಅದರ ಹೆಮ್ಮೆ. ನನ್ನ ಹೆಂಡತಿ ಕೇಳಿದ ‘ಕ್ಲೀನಾಗಿ ಬರೋ ಡಬ್ಬ’ ಇದ್ದರೆ ಇದೇ. ಇದರ ಮುಂದೆ ಲೆವೆಲ್ ಏರಿಸಿ ತಳ್ಳುವ ಉಪಾಯ ನಡೆಯುವುದಿಲ್ಲ. ತಳ್ಳಿದರೆ ಬಳಲುವುದಿಲ್ಲ, ಬರೀ ಜೋರಾಗುತ್ತದೆ. ಪೂರ್ತಿ ಕೆಲಸ ಪೆಡಲೇ ಮಾಡಬೇಕು. ಪೆಡಲ್ ಏನು ಕೊಟ್ಟಿತೋ ಅದನ್ನು, ಅದರ ಕೊಂಕು, ಅದರ ಕಿರಿಕಿರಿ ಎಲ್ಲ ಸಹಿತ, ಎರಡು ಸ್ಪೀಕರಿನಲ್ಲಿ ಜಗಜ್ಜಾಹೀರು ಮಾಡುತ್ತದೆ. ನೀಲಿ ಡಬ್ಬಿಯನ್ನು ಇದಕ್ಕೆ ಹಾಕಿದಾಗ ಟೋನನ್ನು ಹತ್ತು ಗಂಟೆಯ ಕೆಳಗೆ ಇಳಿಸದಿದ್ದರೆ ಹಲ್ಲು ಜುಮ್ಮೆನ್ನುತ್ತದೆ. ನಾನು ಕಂಡುಕೊಂಡ ದಾರಿ ಎಂದರೆ ಎರಡು ಪೆಡಲನ್ನು ಒಂದರ ಹಿಂದೆ ಒಂದು ಹಾಕಿ ಎರಡರ ಗೇನನ್ನೂ ಅರ್ಧಕ್ಕಿಂತ ಕೆಳಗೆ ಇಡುವುದು. ನೀಲಿಯದು ಯಾವಾಗಲೂ ಆನ್, ಅದೇ ಆಂಪಿನ ಪಾತ್ರ ವಹಿಸುತ್ತದೆ. ಹಸಿರನ್ನು ಅದರ ಮುಂದೆ ಇಟ್ಟು ಸೋಲೋ ಬಂದಾಗ ಒತ್ತುವುದು. ನೀಲಿ ಡಬ್ಬಿಗೆ ತಾನು ಆಂಪು ಎಂಬ ಭ್ರಮೆ ಹುಟ್ಟಿಸಿದರೆ ಅದು ಚೆನ್ನಾಗಿಯೇ ನಡೆದುಕೊಳ್ಳುತ್ತದೆ.

ಹೊಂದಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ, ಹುಡುಗರು ಇದನ್ನೇ ತಲೆಕೆಳಗು ಮಾಡುತ್ತಾರೆ. ಮೊದಲು ಪೆಡಲನ್ನು ಮುಟ್ಟಬಾರದು. ಬರೀ ಆಂಪಿನ ಸದ್ದು ಇಷ್ಟವಾಗುವವರೆಗೆ ಅದನ್ನೇ ತಿರುಗಿಸಬೇಕು. ಆಮೇಲೆ (ಲೆವೆಲ್ ಏರಿಸಿ ಆಂಪನ್ನು ತಳ್ಳುವ ಉಪಾಯ ಮಾಡುವಾಗ ಬಿಟ್ಟು) ಪೆಡಲ್ ಒತ್ತಿ, ಆನ್ ಮಾಡಿದರೂ ಆಫ್ ಮಾಡಿದರೂ ಒಂದೇ ಜೋರು ಬರುವಂತೆ ಲೆವೆಲ್ ಹಿಡಿಯಬೇಕು; ಇಲ್ಲದಿದ್ದರೆ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ, ಪೆಡಲ್ ಅಂಗಡಿಯವರ ವ್ಯಾಪಾರ ನಡೆಯುವುದೇ ಇದರಿಂದ. ಗೇನ್ ಎಷ್ಟು ಬೇಕೆನಿಸುತ್ತದೋ ಅದಕ್ಕಿಂತ ಕಡಿಮೆ. ಟೋನ್ ಕೊನೆಗೆ, ಅದೂ ನುಡಿಸುವ ಜಾಗದಲ್ಲಿ, ನುಡಿಸುವ ವಾಲ್ಯೂಮಿನಲ್ಲಿ.

ಈ ಕೊನೆಯದಕ್ಕೆ ವಿಜ್ಞಾನದ ಆಧಾರವೇ ಇದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ತೋರಿಸಿಕೊಟ್ಟ ಹಾಗೆ, ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ತೀರ ಕೆಳಗಿನ, ತೀರ ಮೇಲಿನ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ. ಮನೆಯವರು ಮಲಗಿದ ಮೇಲೆ ಸಣ್ಣಗೆ ಇಟ್ಟುಕೊಂಡು ನುಡಿಸುವವನು ಅದನ್ನು ತುಂಬಿಕೊಳ್ಳಲು ಬೇಸನ್ನೂ ಟ್ರೆಬಲನ್ನೂ ಏರಿಸುತ್ತಾನೆ, ಮಿಡ್ ಇಳಿಸುತ್ತಾನೆ, ಆಹಾ ಅನ್ನುತ್ತಾನೆ. ಅದೇ ಸೆಟ್ಟಿಂಗನ್ನು ಸ್ಟೇಜಿಗೆ ಒಯ್ದರೆ ಕೆಳಗೆ ಗುಡುಗು, ಮೇಲೆ ಕೀರಲು, ನಡುವೆ ಗಿಟಾರು ನಾಪತ್ತೆ.

ನಾನು ಹೇಳುವ ಸ್ಟೇಜು ಎಂದರೆ ನಮ್ಮ ಬಡಾವಣೆಯ ಗಣೇಶೋತ್ಸವದ್ದು. ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಊಟದ ಸಮೇತ ಗೌರವಿಸುವ ಜಾಗ ಅದೊಂದೇ. 1981ರ ‘ಗೀತಾ’ ಸಿನಿಮಾದ ಇಳಯರಾಜಾ ಹಾಡುಗಳಿಲ್ಲದೆ ಅಲ್ಲಿ ಆರ್ಕೆಸ್ಟ್ರಾ ಮುಗಿಯುವುದಿಲ್ಲ, ಆ ಹಾಡುಗಳಿಗೆ ಗಿಟಾರ್ ಇಲ್ಲದೆ ಆಗುವುದಿಲ್ಲ. ಹೋದ ಸಲ ಪೆಡಲುಗಳನ್ನು ಹಲಗೆಗೆ ಬಿಗಿದು, ಅಡಾಪ್ಟರು ಕೂಡಿಸಿಕೊಂಡು ಹೋಗಿ, ಆಂಪು ಎಲ್ಲಿ ಅಂತ ಕೇಳಿದೆ.

ಮೈಕ್‌ಸೆಟ್ಟಿನ ಹುಡುಗ ಮಿಕ್ಸರಿನ ಹಿಂದಿನಿಂದ ಕೂಗಿದ: “ಆಂಪ್ ಯಾಕ್ ಸಾರ್? ಲೈನ್ ನಂಗೇ ಕೊಡಿ.”

ಅಂದರೆ ಫೆಂಡರೂ ಇಲ್ಲ, ಮಾರ್ಷಲ್ಲೂ ಇಲ್ಲ, ಕೊನೆಗೆ ನನ್ನ ಹತ್ತು ವಾಟಿನ ಪೆಟ್ಟಿಗೆಯೂ ಇಲ್ಲ. ಗಿಟಾರಿನಿಂದ ಪೆಡಲು, ಪೆಡಲಿನಿಂದ ಸೀದಾ ಮಿಕ್ಸರು, ಅಲ್ಲಿಂದ ಕಂಬಕ್ಕೆ ಕಟ್ಟಿದ ಸ್ಪೀಕರುಗಳು. ಗಿಟಾರ್ ಆಂಪಿನ ಸ್ಪೀಕರಿಗೆ ಒಂದು ದೌರ್ಬಲ್ಯವಿದೆ. ಸುಮಾರು ಐದು ಸಾವಿರ ಹರ್ಟ್ಸ್‌ನ ಮೇಲಿನದ್ದನ್ನು ಅದು ಬಹಳಮಟ್ಟಿಗೆ ನುಂಗಿಹಾಕುತ್ತದೆ. ಓವರ್‌ಡ್ರೈವ್ ಇಂಪಾಗಿ ಕೇಳಿಸುವುದು ಆ ದೌರ್ಬಲ್ಯದ ಕೃಪೆಯಿಂದ. ಮೈಕ್‌ಸೆಟ್ಟಿನ ಸ್ಪೀಕರು ಅದನ್ನೂ ನುಂಗದೆ ಬಡಾವಣೆಗೆಲ್ಲ ಹಂಚುತ್ತದೆ.

ಮೊದಲ ಹಾಡಿನ ನಡುವಿನ ಸಂಗೀತ ಬಂತು. ಹಸಿರು ಡಬ್ಬಿ ಒತ್ತಿದೆ. ಪಾನಕ ಹಂಚುತ್ತಿದ್ದವರು ಲೋಟ ಕೆಳಗಿಟ್ಟು ಟ್ರಾನ್ಸ್‌ಫಾರ್ಮರಿನ ಕಡೆ ನೋಡಿದರು. ಮೈಕ್‌ಸೆಟ್ಟಿನ ಹುಡುಗ ಒಂದೇ ಜಿಗಿತಕ್ಕೆ ಸ್ಟೇಜಿಗೆ ಬಂದ.

“ಸಾರ್, ಕೇಬಲ್ ಹೋಗಿದೆ! ಕರಕರ ಬರ್ತಿದೆ! ಒಂದ್ನಿಮಿಷ, ನುಡಿಸ್ತಾ ಇರಿ!”

ನಾನು ಸೋಲೋದ ನಟ್ಟನಡುವೆ, ಎರಡೂ ಕೈ ಸಿಕ್ಕಿಬಿದ್ದು, ತಲೆಯಲ್ಲೇ ಬೇಡ ಬೇಡ ಎಂದೆ. ಅವನು ಅದನ್ನು ಹಾಡಿನ ಆವೇಶ ಅಂದುಕೊಂಡ. ಹಳೆಯ ಕೇಬಲ್ ಕಿತ್ತು ಹೊಸದು ಸಿಕ್ಕಿಸಿದ. ಕರಕರ ಇನ್ನೂ ಚೊಕ್ಕವಾಗಿ ಬಂತು. ಪೆಡಲಿನ ಕೆಂಪು ದೀಪ ನೋಡಿ ಅದನ್ನೂ ಒತ್ತಿ ಆಫ್ ಮಾಡಿ, “ನೋಡಿ ಸಾರ್, ಈ ಡಬ್ಬ ಶಾರ್ಟ್ ಆಗಿದೆ, ಇದನ್ನ ತೆಗೀರಿ” ಅಂದ.

ಹಾಡು ಮುಗಿದ ಮೇಲೆ ಅವನನ್ನು ಬದಿಗೆ ಕರೆದು ಈ ಸದ್ದು ಬೇಕೆಂದೇ ಮಾಡಿದ್ದು ಅಂತ ತಿಳಿಹೇಳಿದೆ. ನನ್ನನ್ನೂ ಡಬ್ಬಿಯನ್ನೂ ಸ್ವಲ್ಪ ಹೊತ್ತು ನೋಡಿದ. “ಬೇಕೂಂತಾನೇ ಅಂದ್ರೆ ಮೊದಲೇ ಹೇಳ್ಬಾರ್ದಾ ಸಾರ್” ಎಂದು ಮಿಕ್ಸರಿನ ಹಿಂದೆ ಹೋಗಿ ನನ್ನ ಲೈನಿನ ಟ್ರೆಬಲನ್ನು ನೆಲಕ್ಕೆ ಹಚ್ಚಿದ, ಮಿಡ್ ಒಂದಿಷ್ಟು ಏರಿಸಿದ, ಇನ್ನೊಂದು ಸಲ ನುಡಿಸಿ ಅಂದ. ಫ್ಲೆಚರ್, ಮನ್ಸನ್, ಸ್ಪೀಕರಿನ ಐದು ಸಾವಿರ ಹರ್ಟ್ಸ್, ಇದ್ಯಾವುದನ್ನೂ ಓದದ ಆ ಹುಡುಗ ಇಲ್ಲದ ಆಂಪನ್ನು ಎರಡು ನಾಬಿನಲ್ಲಿ ಕಟ್ಟಿಬಿಟ್ಟಿದ್ದ. ಮುಂದಿನ ಹಾಡಿನಲ್ಲಿ ಹಸಿರು ಡಬ್ಬಿ ಹಾಡಿದ್ದನ್ನು ಮ್ಯಾಸಚೂಸೆಟ್ಸ್‌ನ ನೆಲಮಾಳಿಗೆಯೂ ಕೇಳಿರಲಿಕ್ಕಿಲ್ಲ. ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆದರು. ಮಾವನವರು ಕಿವಿಯ ಹತ್ತಿ ತೆಗೆದರು.

ಇದನ್ನೆಲ್ಲ ಸ್ಟೇಜಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಸಮಿತಿಯ ಅಧ್ಯಕ್ಷರು. ಭಾಷಣಕ್ಕೆಂದು ಮೈಕ್ ಕೈಗೆ ತೆಗೆದುಕೊಳ್ಳುವ ಮೊದಲು ಹುಡುಗನನ್ನು ಕರೆದು, “ಆ ಹಸಿರು ಡಬ್ಬಿ ಒತ್ತಿದ್ಮೇಲೆ ಸೌಂಡ್ ಏನ್ ದಪ್ಪ ಬಂತಲ್ಲೋ! ನನ್ನ ಮೈಕಿಗೂ ಅದನ್ನ ಹಾಕು” ಅಂದರು.

ಹುಡುಗ ಮಿಕ್ಸರಿನ ಕೆಂಪು ದೀಪದ ಮೇಲೆ ಬೆರಳಿಟ್ಟ. “ನಿಮಗೆ ಬೇಡ ಸಾರ್. ನೀವು ‘ಹಲೋ’ ಅಂದ್ರೇ ಇದು ಕ್ಲಿಪ್ ಆಗುತ್ತೆ.”